ನಾನು ಬರೆದ ನಾಲ್ಕಕ್ಷರ

ಮೊನ್ನೆ ಬೆಳಿಗ್ಗೆ ಹೆಂಡತಿ ತನ್ನ ಹತ್ತಿ ಸೀರೆಗಳಿಗೆಂದು ಒಲೆಯ ಮೇಲೆ ಗಂಜಿ ಇಟ್ಟು, ಫೋನಿನಲ್ಲಿ ಮಗಳ ಜೊತೆ ಮಾತಿಗೆ ಕೂತಳು. ಮಾತು ಮುಗಿಯುವ ಹೊತ್ತಿಗೆ ಗಂಜಿ ತಳ ಹಿಡಿದಿತ್ತು. ಹೊರಗೆ ಪೇಪರು ಓದುತ್ತ ಕೂತಿದ್ದ ನನಗೆ ಆ ವಾಸನೆ ಬಂತು... ಸ್ವಲ್ಪ ಹುಳಿ, ಸ್ವಲ್ಪ ಕಮಟು. ಪೇಪರು ಹಾಗೇ ಕೈಯಲ್ಲಿ ಉಳಿಯಿತು. ಹೆಂಡತಿ ಹೊರಗೆ ಬಂದು, "ಯಾಕ್ರಿ, ಏನಾತು?" ಅಂದಳು. "ಇಳಕಲ್ಲ ನೆನಪಾತು" ಅಂದೆ. ಆಕೆ ತಳ ಹಿಡಿದ ಪಾತ್ರೆ ನೆನೆಹಾಕಲು ಒಳಗೆ ಹೋದಳು. ಮದುವೆಗೆ ಮುಂಚೆ ನಾನು ಇಳಕಲ್ಲಿನಲ್ಲಿ ನಾಲ್ಕು ವರ್ಷ ಮಾಸ್ತರಿಕೆ ಮಾಡಿದ್ದು ಆಕೆಗೆ ಗೊತ್ತು. ನಾನು ಬಾಡಿಗೆಗಿದ್ದ ಮನೆಯ ಒಡತಿ ಕಾಕುವಿನ ವಿಷಯವೂ ಗೊತ್ತು. ಒಂದು ಸಂಗತಿ ಮಾತ್ರ ಗೊತ್ತಿಲ್ಲ. ಅದನ್ನು ನಾನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಧಾರವಾಡದಲ್ಲಿ ಓದು ಮುಗಿಸಿ ಇಳಕಲ್ಲಿನ ಒಂದು ಹೈಸ್ಕೂಲಿಗೆ ಇಂಗ್ಲಿಷ್ ಮಾಸ್ತರನಾಗಿ ಬಂದಾಗ ನನಗೆ ಇಪ್ಪತ್ತನಾಲ್ಕು ವರ್ಷ. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಟ್ರಂಕಿನಲ್ಲಿ ಎರಡು ಜೊತೆ ಬಟ್ಟೆ, ಅವುಗಳ ಕೆಳಗೆ ಒಂದು ದಪ್ಪ ಇಂಗ್ಲಿಷ್ ಡಿಕ್ಷನರಿ. ಧಾರವಾಡದ ಹಳೇ ಪುಸ್ತಕದ ಅಂಗಡಿಯಲ್ಲಿ ಕೊಂಡದ್ದು. ಅದರಲ್ಲಿ ಪದದ ಅರ್ಥ ಅಷ್ಟೇ ಅಲ್ಲ, ಅದು ಎಲ್ಲಿಂದ ಬಂತು, ಮೊದಲು ಯಾವ ಅರ್ಥದಲ್ಲಿತ್ತು, ಬರಬರುತ್ತ ಏನಾಯಿತು ಎಂಬುದೆಲ್ಲ ಇರುತ್ತಿತ್ತು. ನನ್ನ ವಯಸ್ಸಿನವರು ಸಿನಿಮಾ ನೋಡುತ್ತಿದ್ದ ಆಸೆಯಿಂದ ನಾನು ಅದನ್ನು ಓದುತ್ತಿದ್ದೆ. ಅದರಲ್ಲೂ ಮೂರು ನಾಲ್ಕು ಅಕ್ಷರದ ಸಣ್ಣ ಪದಗಳೆಂದರೆ ನನಗೆ ಜೀವ. ದೊಡ್ಡ ಪದಗಳೆಲ್ಲ ಹೊರಗಿನಿಂದ ಬಂದ ನೆಂಟರು, ಸಣ್ಣವೇ ಆ ಮನೆಯ ಹಳೇ ಮಂದಿ ಎಂದು ತರಗತಿಯಲ್ಲಿ ಭಾಷಣ ಬಿಗಿಯುತ್ತಿದ್ದೆ.

ದಿನವೂ ಪಾಠ ಶುರು ಮಾಡುವ ಮೊದಲು ಬೋರ್ಡಿನ ಮೂಲೆಯಲ್ಲಿ ಒಂದು ಸಣ್ಣ ಪದ ಬರೆದು ಅದರ ಹುಟ್ಟು ಬೆಳವಣಿಗೆ ಹೇಳುವುದು ನನ್ನ ರೂಢಿಯಾಯಿತು. ಹುಡುಗರು ನನಗೆ ಡಿಕ್ಷನರಿ ಮಾಸ್ತರ ಎಂದು ಹೆಸರಿಟ್ಟರು. ಕೇಳಿಸಿದರೂ ಕೇಳಿಸದವನಂತೆ ಹೋಗುತ್ತಿದ್ದೆ. ಒಳಗೊಳಗೆ ಹಿಗ್ಗುತ್ತಿದ್ದೆ.

ನಾನು ಬಾಡಿಗೆಗೆ ಹಿಡಿದದ್ದು ಒಬ್ಬ ನೇಕಾರರ ಮನೆಯ ಮುಂದಿನ ಕೋಣೆ. ಗಂಡ ಹೆಂಡತಿ ಇಬ್ಬರೇ. ಮಕ್ಕಳಿರಲಿಲ್ಲ. ಓಣಿಯವರೆಲ್ಲ ಅವರನ್ನು ಕಾಕಾ, ಕಾಕು ಎನ್ನುತ್ತಿದ್ದರು, ನಾನೂ ಹಾಗೇ ಅಂದೆ. ನನ್ನ ಕೋಣೆ ದಾಟಿದರೆ ಪಡಸಾಲೆ, ಪಡಸಾಲೆಯ ನಡುವೆ ಕುಣಿಮಗ್ಗ. ನೆಲದಲ್ಲಿ ಸೊಂಟದಾಳದ ಕುಣಿ ತೋಡಿ, ಅದರ ಅಂಚಿಗೆ ಕೂತು ಕಾಲು ಒಳಗೆ ಇಳಿಬಿಟ್ಟು ಹಲಗೆ ತುಳಿಯುತ್ತ ನೇಯುವ ಮಗ್ಗ. ಬೆಳಗಾಗುತ್ತಲೇ ಕಾಕಾ ಅದಕ್ಕಿಳಿದರೆ ಸಂಜೆ ದೀಪ ಹಚ್ಚುವವರೆಗೆ ಅದೇ ಸಪ್ಪಳ. ಮೊದಲ ವಾರ ನನಗೆ ತಲೆ ಸಿಡಿಯುತ್ತಿತ್ತು. ಒಂದು ತಿಂಗಳಾದ ಮೇಲೆ ಆ ಸಪ್ಪಳ ನಿಂತರೆ ಪುಸ್ತಕದಿಂದ ತಲೆ ಎತ್ತಿ ನೋಡುವ ಹಾಗಾಯಿತು.

ಕಾಕು ಗಿಡ್ಡನೆಯ ಹೆಂಗಸು. ನಲವತ್ತರ ಮೇಲೆ ವಯಸ್ಸಿರಬೇಕು. ಮಾತು ಕಡಿಮೆ, ಕೆಲಸ ಬಹಳ. ಹಾಸು ಅಂದರೆ ಮಗ್ಗಕ್ಕೆ ಕಟ್ಟುವ ಉದ್ದದ ಎಳೆ, ಅದಕ್ಕೆ ಗಂಜಿ ಕಾಯಿಸುವುದು ಆಕೆ, ನೂಲು ಸುತ್ತುವುದು ಆಕೆ, ಸೆರಗು ಕೂಡಿಸುವುದು ಆಕೆ. ಇಳಕಲ್ ಸೀರೆಯ ಮೈ ಒಂದು ಹಾಸು, ಸೆರಗು ಬೇರೆಯೇ ಹಾಸು. ಮೈಯ ಹತ್ತಿ ಎಳೆಗೆ ಸೆರಗಿನ ಕೆಂಪು ರೇಷ್ಮೆ ಎಳೆಯನ್ನು ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸಬೇಕು. ಸಾವಿರಾರು ಎಳೆ. ಒಂದು ತಪ್ಪಿದರೂ ಸೆರಗಿನಲ್ಲಿ ಗೆರೆ ಬೀಳುತ್ತದೆ. ಕಾಕು ಕೂಡಿಸಿದ ಸೆರಗಿನಲ್ಲಿ ಗೆರೆ ಬಿದ್ದದ್ದನ್ನು ನಾನು ಕಾಣೆ. "ನಾ ಬರೇ ತುಳಿಯಾಂವ. ಸೀರಿ ಆಕೀದು" ಎಂದು ಕಾಕಾ ಕುಣಿಯೊಳಗಿನಿಂದಲೇ ಒಮ್ಮೆ ಹೇಳಿದ್ದರು. ಕಾಕು ಕೇಳಿಸದವರಂತೆ ರಾಟಿ ತಿರುಗಿಸಿದರು.

ಸಂಜೆ ಸಾಲಿ ಬಿಟ್ಟು ನಾನು ಮನೆಗೆ ಬಂದರೆ ಚಹಾ ಕೊಟ್ಟು ಕಾಕು ಕೇಳುತ್ತಿದ್ದ ಪ್ರಶ್ನೆ ಒಂದೇ.

"ಇವತ್ತ ಯಾ ಮಾತ ಕಲಿಸಿದ್ರಿ, ಮಾಸ್ತರ?"

ಆಕೆಗೆ ಓದು ಬರಹ ಬರುತ್ತಿರಲಿಲ್ಲ. ಇಂಗ್ಲಿಷ್ ಎಂದರೆ ಮೊದಲೇ ಇಲ್ಲ. ಆದರೂ ನನ್ನ ಬೋರ್ಡಿನ ಪದವನ್ನು ಆಕೆಯಷ್ಟು ಶ್ರದ್ಧೆಯಿಂದ ಕೇಳಿದ ವಿದ್ಯಾರ್ಥಿ ನನಗೆ ಮೂವತ್ತು ವರ್ಷದ ಮಾಸ್ತರಿಕೆಯಲ್ಲಿ ಸಿಗಲಿಲ್ಲ. ಮಗ್ಗಕ್ಕೆ ಇಂಗ್ಲಿಷಿನಲ್ಲಿ ಲೂಮ್ ಎನ್ನುತ್ತಾರೆ, ಬಹಳ ಹಿಂದೆ ಆ ಮಾತಿಗೆ ಮಗ್ಗ ಎಂಬ ಅರ್ಥವೇ ಇರಲಿಲ್ಲ, ಕೈಯಲ್ಲಿ ಹಿಡಿದು ದುಡಿಯುವ ಯಾವ ಸಾಮಾನಿಗಾದರೂ ಹಾಗೆನ್ನುತ್ತಿದ್ದರು ಎಂದು ಒಂದು ದಿನ ಹೇಳಿದೆ. ಕಾಕು ರಾಟಿ ನಿಲ್ಲಿಸಿದರು.

"ಕುಡಗೋಲಿಗೂ ಹಂಗ ಅಂತಿದ್ರೇನ್ರಿ?"

"ಅಂತಿದ್ರಂತ್ರಿ ಕಾಕು. ಎಲ್ಲಾ ಸಾಮಾನಿಗೂ ಅದ ಹೆಸರು."

"ಹಂಗಾರ ಕಡೀಕ ಆ ಹೆಸರ ಮಗ್ಗದ ಹಂತ್ಯಾಕ ಉಳೀತು ನೋಡ್ರಿ" ಎಂದು ಕಾಕು ಬಹಳ ಸಮಾಧಾನಪಟ್ಟರು. ಕಾಕಾ ಕುಣಿಯಿಂದ, "ಮಾಸ್ತರು ನಿನಗ ಮ್ಯಾಟ್ರಿಕ್ ಪಾಸ್ ಮಾಡಸ್ತಾರ ತಗೋ" ಎಂದು ಚುಡಾಯಿಸಿದರು. ಅಂಥ ಸಂಜೆಗಳು ಎಷ್ಟಿದ್ದವೋ... ಈಗ ಎಲ್ಲ ಒಂದರಲ್ಲಿ ಒಂದು ಕೂಡಿಹೋಗಿವೆ.

ಮೂರನೆಯ ವರ್ಷದ ಚಳಿಗಾಲದಲ್ಲಿ ಕಾಕಾ ಹೋದರು. ಬೆಳಿಗ್ಗೆ ಮಗ್ಗದಲ್ಲಿ ಕೂತವರು ಎದೆ ಹಿಡಿದುಕೊಂಡು ಹಿಂದಕ್ಕೆ ವಾಲಿದರು. ನಾನೂ ಪಕ್ಕದ ಮನೆಯವರೂ ಸೇರಿ ಟಾಂಗಾದಲ್ಲಿ ದವಾಖಾನಿಗೆ ಒಯ್ದೆವು. ಅಲ್ಲಿ ಮುಟ್ಟುವುದರೊಳಗೆ ಮುಗಿದಿತ್ತು. ಮಗ್ಗದ ಮೇಲೆ ಒಂದು ಸೀರೆ ಅರ್ಧಕ್ಕೆ ನಿಂತಿತ್ತು.

ಸಂಜೆ ಎಲ್ಲ ಮುಗಿಸಿ ಬಂದಮೇಲೆ ಕಾಕು ಮಾಡಿದ ಕೆಲಸ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಆಕೆ ಅಳುತ್ತಲೇ ಮಗ್ಗದ ಹತ್ತಿರ ಹೋಗಿ, ಎಳೆಗಳ ನಡುವೆ ನಿಂತಿದ್ದ ಲಾಳಿಯನ್ನು ಹೊರಗೆ ತೆಗೆದು, ಅರ್ಧ ನೇಯ್ದ ಸೀರೆಯ ಮೇಲೆ ಇಟ್ಟರು. ಕಾಕಾನ ಒಂದು ಬಿಳಿ ಧೋತರ ತಂದು ಮಗ್ಗದ ಮೇಲೆ ಹೊದಿಸಿದರು. ಅವರ ಮನೆತನದಲ್ಲಿ ಅದೊಂದು ಪದ್ಧತಿ. ಮನೆಯಲ್ಲಿ ನೇಯುವವನು ಸತ್ತರೆ ಹನ್ನೊಂದನೆಯ ದಿನದವರೆಗೆ ಕುಣಿಯಲ್ಲಿ ಯಾರೂ ಕಾಲಿಡುವಂತಿಲ್ಲ. ಹನ್ನೊಂದನೆಯ ದಿನ ಕುಣಿಯೊಳಗೆ ದೀಪ ಹಚ್ಚಿಟ್ಟು, ಮುಂದೆ ಆ ಮಗ್ಗಕ್ಕೆ ಕೂರುವವರು ಮೊದಲು ಇಳಿಯಬೇಕು.

"ಮಗ್ಗಕ್ಕೂ ಸೂತಕ ಇರ್ತೈತ್ರಿ, ಮಾಸ್ತರ. ಅದೂ ಮನ್ಯಾಗಿನ ಒಂದ ಜೀವ ಅಲ್ಲೇನ್ರಿ?" ಎಂದರು ಕಾಕು.

ಮೂರನೆಯ ದಿನ ಬಾದಾಮಿಯಿಂದ ಬಂದಿದ್ದ ಆಕೆಯ ತಮ್ಮ ಮಾತು ತೆಗೆದ. ಅವನಿಗೆ ಬಾದಾಮಿಯಲ್ಲಿ ಸೈಕಲ್ ಅಂಗಡಿ ಇತ್ತು. ಒಳ್ಳೆಯವನೇ. "ಅಕ್ಕಾ, ಇನ್ನ ಈ ಕುಣ್ಯಾಗ ಯಾರ ಇಳಿಯವ್ರು? ಮಗ್ಗ ಬಿಚ್ಚಿಸಿ ನನ್ನ ಜೋಡಿ ಬಂದಬಿಡು" ಅಂದ. ಪಡಸಾಲೆಯಲ್ಲಿ ನಾಲ್ಕು ಜನ ಹಿರಿಯರಿದ್ದರು. ಎಲ್ಲರೂ ತಲೆಯಾಡಿಸಿದರು. ಕಾಕು ಗೋಡೆಗೆ ಒರಗಿ ಕೂತಿದ್ದವರು ಸೆರಗು ತಲೆಯ ಮೇಲೆಳೆದುಕೊಂಡು, "ನಾ ಇಳೀತೇನಿ" ಅಂದರು. ಅಷ್ಟೇ. ತಮ್ಮ ಎರಡು ಸಲ ಕೇಳಿದ, ಎರಡು ಸಲವೂ ಅದೇ ಉತ್ತರ. ತನ್ನ ಮನೆಯಲ್ಲಿ, ತನ್ನ ಕೈಯಲ್ಲಿ ದುಡಿದು, ತನ್ನ ಅನ್ನ ಉಣ್ಣುವುದು ಆಕೆಗೆ ಬೇಕಿತ್ತು. ಬಾದಾಮಿಗೆ ಹೋದರೆ ಹೊಟ್ಟೆಗೆ ಕಡಿಮೆಯಾಗುತ್ತಿರಲಿಲ್ಲ. ಆದರೆ ಅದು ತಮ್ಮನ ಮನೆ.

ಏಳನೆಯ ದಿನ ಭಾನುವಾರ. ಕಾಕು ಓಣಿಯ ಹೆಂಗಸರ ಜೊತೆ ಹೊರಗೆ ಹೋಗಿದ್ದರು. ನಾನು ಕಟ್ಟೆಯ ಮೇಲೆ ಕೂತಿದ್ದೆ. ಆಗ ಕೈಯಲ್ಲಿ ರಟ್ಟಿನ ಫೈಲು ಹಿಡಿದ ಒಬ್ಬ ಯುವಕ ಬಂದ. ಊರಿನ ಮಗ್ಗಗಳನ್ನು ಎಣಿಸುವ ಕೆಲಸಕ್ಕೆ ಯಾವುದೋ ಕಚೇರಿಯಿಂದ ಕಳಿಸಿದ್ದರಂತೆ. ನಡೆಯುವ ಮಗ್ಗಗಳ ಪಟ್ಟಿ ಆಗುತ್ತದೆ, ನೂಲು ಕೊಡುವ ಸಂಘಕ್ಕೆ ಆ ಪಟ್ಟಿ ಹೋಗುತ್ತದೆ ಅಂದ. ಬಾಗಿಲಲ್ಲಿ ನಿಂತು ಒಳಗೆ ಇಣುಕಿ, ಬಿಳಿ ಧೋತರ ಹೊದಿಸಿದ ಮಗ್ಗ ನೋಡಿದ.

"ಈ ಮಗ್ಗ ನಡೀತೈತೇನ್ರಿ?"

"ಸದ್ಯ ನಿಂತೈತ್ರಿ" ಅಂದೆ.

ಅವನು ಫಾರಮ್ಮು ನನ್ನ ಕಡೆ ಚಾಚಿದ. ಇಂಗ್ಲಿಷಿನಲ್ಲಿ ತುಂಬಬೇಕು, ತನಗೆ ಅಷ್ಟು ಸರಿಯಾಗಿ ಬರುವುದಿಲ್ಲ, ನೀವು ಇಂಗ್ಲಿಷ್ ಮಾಸ್ತರರಂತೆ, ನೀವೇ ಬರೆದುಬಿಡಿ ಅಂದ. ಪೆನ್ನನ್ನೂ ಅವನೇ ಕೊಟ್ಟ. ನನಗೆ ಬೇಡ ಅನ್ನಿಸಲಿಲ್ಲ. ಇಂಥದಕ್ಕೆ ಕರೆದರೆ ನಾನು ಯಾವತ್ತೂ ಬೇಡ ಅಂದವನಲ್ಲ. ಮನೆ ಮಾಲಕರ ಹೆಸರು, ಓಣಿ, ಮಗ್ಗದ ಬಗೆ, ಎಲ್ಲ ಬರೆದೆ. ಕೊನೆಗೆ ಮಗ್ಗದ ಸ್ಥಿತಿ ಎಂಬ ಒಂದು ಖಾನೆ. ಮೇಲಿನ ಮನೆಗಳ ಮುಂದೆಲ್ಲ ಒಂದೇ ಪದ, ವರ್ಕಿಂಗ್, ವರ್ಕಿಂಗ್, ವರ್ಕಿಂಗ್.

ನಾನೂ ಅದನ್ನೇ ಬರೆದು ಕೊಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಈ ಮಗ್ಗ ಈಗ ನಡೆಯುತ್ತಿಲ್ಲವಲ್ಲ, ಸುಳ್ಳು ಹೇಗೆ ಬರೆಯುವುದು ಎಂದು ನನ್ನ ಪಾಂಡಿತ್ಯ ಅಡ್ಡ ಬಂತು. ಕ್ಲೋಸ್ಡ್ ಎನ್ನೋಣವೆಂದರೆ ಅದು ಅಂಗಡಿಗೆ ಹೇಳುವ ಮಾತು. ಬ್ರೋಕನ್ ಅಲ್ಲವೇ ಅಲ್ಲ. ಮಗ್ಗ ಕೆಟ್ಟಿಲ್ಲ, ಮುಚ್ಚಿಲ್ಲ, ಕೆಲಸವಿಲ್ಲದೆ ಸುಮ್ಮನೆ ಕೂತಿದೆ. ಅದಕ್ಕೆ ತಕ್ಕ ಪದ ಹೊಳೆಯಿತು. ಐಡಲ್. ನಾಲ್ಕೇ ಅಕ್ಷರ, ಹಳೆಯ, ಚೊಕ್ಕ ಇಂಗ್ಲಿಷ್ ಪದ. ದುಂಡಗೆ ಬರೆದೆ. ಬರೆದು ಒಂದು ಸಲ ನೋಡಿ ಖುಷಿಪಟ್ಟೆ. ಇದನ್ನು ಮುಚ್ಚಿಡಬಾರದು. ಕಾಕಾ ಸತ್ತು ಏಳು ದಿನವಾಗಿತ್ತು, ನಾನು ಒಂದು ಪದ ಸರಿಯಾಗಿ ಹೊಳೆಯಿತೆಂದು ಖುಷಿಪಟ್ಟೆ.

"ಹಂಗಂದ್ರೇನ್ರಿ?" ಎಂದು ಅವನು ಕೇಳಿದ.

"ಈಗ ಕೆಲಸಿಲ್ದ ಕುಂತೈತಿ ಅಂತ."

ಅವನು ಆಗಲಿ ಎಂದು ಫೈಲು ಮುಚ್ಚಿ ಪಕ್ಕದ ಮನೆಗೆ ಹೋದ. ಕಾಕು ಬಂದಮೇಲೆ, ಮಗ್ಗ ಎಣಿಸುವವರು ಬಂದು ಹೋದರು ಎಂದಷ್ಟೇ ಹೇಳಿದೆ. "ನೀವ ಇದ್ರಿ, ಛಲೋ ಆತು" ಎಂದು ಆಕೆ ಒಳಗೆ ಹೋದರು.

ಹನ್ನೊಂದನೆಯ ದಿನ ಬೆಳಿಗ್ಗೆ ಕುಣಿಯಲ್ಲಿ ದೀಪ ಹಚ್ಚಿದರು. ಓಣಿಯ ಹೆಂಗಸರು ಪಡಸಾಲೆಯ ತುಂಬ ನಿಂತಿದ್ದರು. ಕಾಕು ಧೋತರ ತೆಗೆದು ಮಡಚಿ, ಮಗ್ಗಕ್ಕೆ ಕೈ ಮುಗಿದು, ಕುಣಿಗೆ ಇಳಿದರು. ಕಾಕಾನ ಕಾಲು ಉದ್ದ, ಆಕೆಯದು ಗಿಡ್ಡ. ಹಲಗೆ ಸರಿಯಾಗಿ ಎಟುಕಲಿಲ್ಲ. ಯಾರೋ ಒಂದು ಗೋಣಿಚೀಲ ಮಡಚಿ ಹಲಗೆಗೆ ಕಟ್ಟಿಕೊಟ್ಟರು. ಮೊದಲ ಸಪ್ಪಳ ಬಂದಾಗ ಹೆಂಗಸರೆಲ್ಲ ಅತ್ತರು. ನಾನು ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದೆ, ನನಗೂ ತಡೆಯಲಾಗಲಿಲ್ಲ.

ಆ ಸೀರೆ ಮುಗಿಸಲು ಆಕೆಗೆ ಎರಡು ವಾರಕ್ಕಿಂತ ಹೆಚ್ಚು ಹಿಡಿಯಿತು. ಕಾಕಾನ ಕೈ ಎಲ್ಲಿ ನಿಂತಿದೆ, ಆಕೆಯ ಕೈ ಎಲ್ಲಿ ಶುರುವಾಗಿದೆ ಎಂದು ನನಗೂ ಗೊತ್ತಾಗುತ್ತಿತ್ತು. ಅಲ್ಲಿಂದ ಮುಂದೆ ನೇಯ್ಗೆ ಒಂದು ಗೇಣಿನಷ್ಟು ಸಡಿಲ. ಆಮೇಲೆ ಬಿಗಿಯಾಗುತ್ತ ಬಂದು, ಸೆರಗಿನ ಹೊತ್ತಿಗೆ ಕಾಕಾನದೇ ಎನ್ನಬೇಕು, ಹಾಗಾಗಿತ್ತು. ಮಗ್ಗದಿಂದ ಇಳಿಸಿದ ಸೀರೆಯನ್ನು ತೊಡೆಯ ಮೇಲೆ ಹರಡಿಕೊಂಡು ಆಕೆ ಬಹಳ ಹೊತ್ತು ಕೂತಿದ್ದರು. "ಬಂತ್ರಿ ಮಾಸ್ತರ, ಕೈ ಬಂತು" ಅಂದರು. ಕಾಕಾ ಹೋದಮೇಲೆ ಆಕೆಯ ಮುಖದಲ್ಲಿ ನಗೆ ಕಂಡದ್ದು ಅವತ್ತೇ.

ಮರುದಿನ ಸೀರೆ ಕೊಟ್ಟು ಹೊಸ ನೂಲು ತರಲು ಸಂಘಕ್ಕೆ ಹೋದರು. ನಾನು ಸಾಲಿಯಿಂದ ಬರುವ ಹೊತ್ತಿಗೆ ಪಡಸಾಲೆಯಲ್ಲಿ ಸಪ್ಪಳವಿರಲಿಲ್ಲ. ಕಾಕು ಮಗ್ಗದ ಅಂಚಿಗೆ ಕೂತಿದ್ದರು, ಕೈಯಲ್ಲಿ ಖಾಲಿ ಚೀಲ.

"ನೂಲ ಕೊಡಾಂಗಿಲ್ಲಂತ್ರಿ. ನಡಿಯೋ ಮಗ್ಗದ ಪಟ್ಟಿಯೊಳಗ ನಮ್ಮದು ಇಲ್ಲಂತ. ಎಣಿಸಿದ ಕಾಗದದಾಗ ಅದರ ಮುಂದ ಏನೋ ಒಂದ ಇಂಗ್ಲಿಷ್ ಮಾತ ಬರದಾರಂತ. ಐಡಲ್ ಅಂತ ಅಂದ್ರು. ಹಂಗಂದ್ರ ಏನ್ರಿ ಮಾಸ್ತರ?"

ಆ ಒಂದು ಗಳಿಗೆಯಲ್ಲಿ ನಾನು ಹೇಳಬೇಕಿತ್ತು. ಕಾಕು, ಬರೆದವನು ನಾನು, ನಾಳೆ ನಾನೇ ಹೋಗಿ ತಿದ್ದಿಸಿಕೊಂಡು ಬರುತ್ತೇನೆ ಎಂದು ಹೇಳಬೇಕಿತ್ತು. ಹೇಳಿದ್ದರೆ ಆಕೆ ಬೈಯುತ್ತಿರಲಿಲ್ಲ, ಅದೂ ಗೊತ್ತಿತ್ತು. ಆದರೆ ನನಗೆ ನಾಚಿಕೆ. ಊರಿಗೆಲ್ಲ ಪದದ ಅರ್ಥ ಹೇಳುವ ಡಿಕ್ಷನರಿ ಮಾಸ್ತರ ಒಂದು ಪದ ಬರೆದು ಒಬ್ಬ ವಿಧವೆಯ ಅನ್ನಕ್ಕೆ ಕಲ್ಲು ಹಾಕಿದ ಎಂದು ಓಣಿ ಮಾತಾಡಿಕೊಳ್ಳುತ್ತದೆ ಎಂಬ ಹೆದರಿಕೆ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ, ಆ ಹೆದರಿಕೆಯೂ ಇತ್ತು.

ಅದಕ್ಕೆ ನಾನೇನು ಮಾಡಿದೆ ಗೊತ್ತೇ? ಪಾಠ ಮಾಡಿದೆ. ಕೋಣೆಗೆ ಹೋಗಿ ಡಿಕ್ಷನರಿ ತಂದೆ. ಪುಟ ತೆಗೆದು, ಇದು ಬಹಳ ಹಳೆಯ ಮಾತು ಕಾಕು, ಈಗ ಇದಕ್ಕೆ ಸೋಮಾರಿ, ಕೆಲಸವಿಲ್ಲದ್ದು ಎಂಬ ಅರ್ಥವಿದೆ, ಹುರುಳಿಲ್ಲದ ಹರಟೆಗೂ ಹೇಳುತ್ತಾರೆ, ಆದರೆ ಮೊದಲು ಹಾಗಿರಲಿಲ್ಲ ಎಂದು ಶುರು ಮಾಡಿದೆ. ಮೊದಲು ಇದಕ್ಕೆ ಇದ್ದ ಅರ್ಥ ಬರಿದು ಎಂದು. ಒಳಗೆ ಏನೂ ಇಲ್ಲದ್ದು. ಸೃಷ್ಟಿಯ ಶುರುವಿಗೆ ಭೂಮಿ ಬರಿದಾಗಿತ್ತು ಎನ್ನಲೂ ಹಳೆಯ ಇಂಗ್ಲಿಷಿನಲ್ಲಿ ಇದೇ ಮಾತು ಬಳಸಿದ್ದಾರೆ... ಹೀಗೆ ಹೇಳುತ್ತಲೇ ಹೋದೆ. ನನ್ನ ಧ್ವನಿ ನನಗೇ ಬೇರೆಯವರದೆನ್ನಿಸುತ್ತಿತ್ತು. ಕಾಕು ಯಾವತ್ತಿನಂತೆ ಶ್ರದ್ಧೆಯಿಂದ ಕೇಳಿದರು. ಕೇಳಿ, ಮಗ್ಗದ ಕಡೆ ನೋಡಿ, ಮನೆಯ ಕಡೆ ನೋಡಿದರು.

"ಬರಿದು ಅಂದ್ರ ಖರೇನ ಐತಲ್ರಿ. ಅವ್ರ ಹೋದಮ್ಯಾಲ ಮನಿ ಬರಿದ ಆಗೇತಿ. ಬರದಾಂವ ಸುಳ್ಳ ಬರದಿಲ್ಲ ಬಿಡ್ರಿ" ಅಂದರು.

ಆ ಮಾತು ಕೇಳಿ ನಾನು ಎದ್ದು ನನ್ನ ಕೋಣೆಗೆ ಹೋದೆ.

ಆಮೇಲೆ ಅರ್ಜಿ ಬರೆದೆ. ಒಂದಲ್ಲ, ನಾಲ್ಕು ಬರೆದೆ. ನನ್ನ ಇಂಗ್ಲಿಷಿನ ಶಕ್ತಿಯನ್ನೆಲ್ಲ ಬಳಿದು ಹಾಕಿದೆ. ಕಾಕು ಕೆಳಗೆ ಹೆಬ್ಬೆಟ್ಟು ಒತ್ತಿದರು. ಮಗ್ಗ ನಡೆಯುತ್ತಿದೆ, ಮನೆಯಾಕೆ ಸ್ವತಃ ನೇಯುತ್ತಾಳೆ, ಎಣಿಕೆಯಲ್ಲಿ ಎಲ್ಲೋ ತಪ್ಪಾಗಿದೆ ಎಂದು ಬರೆದೆ. ತಪ್ಪು ಯಾರದು ಎಂದು ನಾಲ್ಕರಲ್ಲಿ ಒಂದರಲ್ಲೂ ಬರೆಯಲಿಲ್ಲ. ಮೂರಕ್ಕೆ ಉತ್ತರವೇ ಬರಲಿಲ್ಲ. ನಾಲ್ಕನೆಯದಕ್ಕೆ, ಮುಂದಿನ ಎಣಿಕೆಯ ಕಾಲಕ್ಕೆ ಪರಿಶೀಲಿಸಲಾಗುವುದು ಎಂದು ಒಂದು ಸಾಲು ಬಂತು. ಮುಂದಿನ ಎಣಿಕೆ ಯಾವಾಗ ಎಂದು ಕೇಳಿದರೆ ಹೇಳುವವರಿರಲಿಲ್ಲ. ಆ ಖಾನೆ ತುಂಬಿದವನು ನಾನು, ಅವತ್ತು ಮನೆಯಲ್ಲಿ ಸೂತಕವಿತ್ತು ಎಂದು ಕಚೇರಿಯ ಮುಂದೆ ನಿಂತು ಹೇಳಿದ್ದರೆ ತಿದ್ದುತ್ತಿದ್ದರೋ ಏನೋ. ಆ ಬಾಗಿಲವರೆಗೆ ಎರಡು ಸಲ ಹೋಗಿ ತಿರುಗಿ ಬಂದೆ.

ಕಾಕು ಸುಮ್ಮನೆ ಕೂರುವವರಲ್ಲ. ಊರಿನ ಸಾವಕಾರರ ಹತ್ತಿರ ಹೋಗಿ ನೂಲು ಕೇಳಿದರು. ಒಂಟಿ ಹೆಂಗಸಿನ ಕೈಗೆ ರೇಷ್ಮೆ ಕೊಡಲು ಅವರು ಹಿಂದೆ ಮುಂದೆ ನೋಡಿದರು. ಕೊನೆಗೆ ಬೇರೆಯವರ ಮಗ್ಗಕ್ಕೆ ನೂಲು ಸುತ್ತಿಕೊಡುವ, ಸೆರಗು ಕೂಡಿಸಿಕೊಡುವ ಕೂಲಿ ಹಿಡಿದರು. ತನ್ನ ಮಗ್ಗ ಪಡಸಾಲೆಯಲ್ಲಿ ನಿಂತಿತ್ತು, ಆಕೆ ಪಕ್ಕದ ಓಣಿಯಲ್ಲಿ ಬೇರೆಯವರ ಸೀರೆಗೆ ಸೆರಗು ಕೂಡಿಸುತ್ತಿದ್ದರು. ದಿನವೂ ಸಂಜೆ ಬಂದು ತನ್ನ ಮಗ್ಗದ ಧೂಳು ಒರೆಸುತ್ತಿದ್ದರು. ನನ್ನನ್ನು ಪದ ಕೇಳುವುದನ್ನೂ ಬಿಡಲಿಲ್ಲ. ನಾನೇ ಏನೋ ನೆಪ ಹೇಳಿ ತಪ್ಪಿಸಿಕೊಳ್ಳತೊಡಗಿದೆ.

ಒಂದೂವರೆ ವರ್ಷ ಹೀಗೆ ನಡೆಯಿತು. ಆಕೆಯ ಕಣ್ಣು ಮಂಜಾಗತೊಡಗಿತು. ಸೆರಗಿನಲ್ಲಿ ಗೆರೆ ಬಿದ್ದಿತೆಂದು ಒಬ್ಬರು ಕೂಲಿ ತಪ್ಪಿಸಿದರು. ತಮ್ಮ ಮತ್ತೆ ಬಂದ. ಈ ಸಲ ಕಾಕು ತಾವೇ ಬಡಿಗನನ್ನು ಕರೆಸಿದರು.

ಮಗ್ಗ ಬಿಚ್ಚಿದ ದಿನ ಬಡಿಗ ಒಂದೊಂದೇ ಕಟ್ಟಿಗೆ ಕಳಚಿ ಹೊರಗಿಟ್ಟ. ಮನೆಯನ್ನು ಹಿಡಿದವರಿಗೆ ಪಡಸಾಲೆಯ ನೆಲ ಸಮ ಬೇಕಿತ್ತು. ಹೊರಗೆ ಕೆಮ್ಮಣ್ಣು ತಂದು ಸುರಿದಿದ್ದರು. ಕಾಕು ಕೈಯಲ್ಲಿ ಕಸಬರಿಗೆ ಹಿಡಿದು ಕುಣಿಗೆ ಇಳಿದರು. ತುಂಬಿಬಿಡುವ ಕುಣಿಯನ್ನು ಯಾಕೆ ಗುಡಿಸುತ್ತಾಳೆ ಎಂದು ತಮ್ಮ ನನ್ನ ಮುಖ ನೋಡಿದ. ಮೂಲೆಮೂಲೆಯ ನೂಲಿನ ಚೂರು, ಧೂಳು ಎಲ್ಲ ಗುಡಿಸಿ, ಒಂದು ಮುಷ್ಟಿಯಷ್ಟು ಕಸ ಸೆರಗಿನ ತುದಿಗೆ ಕಟ್ಟಿಕೊಂಡು ಮೇಲೆ ಹತ್ತಲು ಕೈ ಚಾಚಿದರು. ಕೈ ಹಿಡಿದು ಎತ್ತಿದವನು ನಾನು. ಆಮೇಲೆ ಆಳು ಸಾಲದೆಂದು ನಾನೂ ನಾಲ್ಕಾರು ಬುಟ್ಟಿ ಮಣ್ಣು ಹಾಕಿದೆ. ನನ್ನ ಕೈಯಿಂದಲೇ ಹಾಕಿದೆ...

"ನೀವಾದ್ರೂ ನಾಕ ಸಲ ಬರದ್ರಿ, ಮಾಸ್ತರ. ನನ್ನ ಸಲುವಾಗಿ ಯಾರ ಬರೀತಾರ?" ಎಂದು ಹೇಳಿ ಕಾಕು ಬಸ್ ಹತ್ತಿದರು.

ಮುಂದೆ ನನಗೆ ಹುನಗುಂದಕ್ಕೆ ವರ್ಗವಾಯಿತು, ಮದುವೆಯಾಯಿತು, ಮಗಳು ಹುಟ್ಟಿದಳು. ಬೋರ್ಡಿನ ಮೂಲೆಯಲ್ಲಿ ಪದ ಬರೆಯುವುದನ್ನು ಬಿಟ್ಟೆ. ಎಂಬತ್ತರ ದಶಕದ ನಡುವೆ ಒಂದು ಸಲ ಪರೀಕ್ಷೆಯ ಕೆಲಸಕ್ಕೆ ಬಾದಾಮಿಗೆ ಹಾಕಿದರು. ಬಸ್ಸಿನಲ್ಲಿ ಉದ್ದಕ್ಕೂ ನಾನು ಹೇಳಬೇಕಾದ ಮಾತನ್ನು ಒಳಗೇ ಹೇಳಿಕೊಳ್ಳುತ್ತ ಹೋದೆ. ಎರಡು ಸಾಲಿನ ಮಾತು. ಮಕ್ಕಳು ಪದ್ಯ ಬಾಯಿಪಾಠ ಮಾಡುವಂತೆ ಮಾಡಿದೆ.

ತಮ್ಮನ ಮನೆ ಕೆರೆಯ ಹತ್ತಿರ ಇತ್ತು. ಕಾಕು ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಕೂದಲು ಪೂರ್ತಿ ಬಿಳಿಯಾಗಿತ್ತು. ನನ್ನ ಧ್ವನಿ ಕೇಳಿ ಗುರುತು ಹಿಡಿದರು. ತಮ್ಮನ ಹೆಂಡತಿ ಚಹಾ ತಂದಳು, ಮೈದುಂಬಿದ, ಚುರುಕಿನ ಹೆಂಗಸು. ಕಾಕು ಕಪ್ಪು ತೊಳೆಯಲು ಎದ್ದರೆ, "ಕುಂದರ್ರಿ, ನಾ ಮಾಡ್ತೇನಿ" ಎಂದು ಕೈಯಿಂದ ಇಸಿದುಕೊಂಡಳು. ಕೆಟ್ಟ ಮನಸ್ಸಿನಿಂದಲ್ಲ. ಕಾಕು ಪಕ್ಕದ ಮನೆಯಾಕೆಯನ್ನು ಕರೆದು, "ಇವ್ರ ನೋಡವಾ ನಾ ಹೇಳ್ತಿದ್ದ ಮಾಸ್ತರು. ನನ್ನ ಮಗ್ಗದ ಸಲುವಾಗಿ ನಾಕ ಸಲ ಸರಕಾರಕ್ಕ ಬರದವ್ರು" ಎಂದು ತೋರಿಸಿದರು. ಆಕೆ ನನಗೆ ಕೈ ಮುಗಿದಳು. ನಾನೂ ಮುಗಿದೆ. ಬಾಯಿಪಾಠ ಮಾಡಿದ ಎರಡು ಸಾಲನ್ನು ಹೇಳದೆ ಬಿಟ್ಟೆ.

"ಹೆಂಗದೀರಿ ಕಾಕು?" ಎಂದು ಕೇಳಿದೆ.

"ಛಲೋ ನೋಡ್ಕೊಂತಾರ್ರಿ. ಹೊತ್ತಿಗೆ ಸರಿಯಾಗಿ ಉಣ್ಣಾಕ ಕೊಡ್ತಾರ. ಒಂದ ಕೆಲಸ ಮುಟ್ಟಗೊಡಂಗಿಲ್ಲ." ತೊಡೆಯ ಮೇಲಿನ ತನ್ನ ಎರಡು ಕೈಗಳನ್ನು ನೋಡಿಕೊಂಡು, "ಖಾಲಿ ಕುಂತೇನ್ರಿ, ಮಾಸ್ತರ. ಮುಂಜಾನಿಂದ ಸಂಜೀತನಾ ಖಾಲಿ ಕುಂತೇನಿ" ಅಂದರು.

ಮಗ್ಗದ ಮುಂದೆ ನಾನು ಬರೆದದ್ದನ್ನು ಈಗ ಆಕೆಯೇ ತನ್ನ ಬಗ್ಗೆ ಹೇಳಿಕೊಳ್ಳುತ್ತಿದ್ದರು. ಅಷ್ಟು ಸ್ಪಷ್ಟವಾಗಿ ಆ ಪದದ ಅರ್ಥ ನನಗೆ ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಬಸ್ಸಿಗೆ ಇನ್ನೂ ಒಂದು ತಾಸು ಇತ್ತು.

ಎರಡು ವರ್ಷದ ಮೇಲೆ ಆಕೆಯ ತಮ್ಮ ಏನೋ ಕೆಲಸಕ್ಕೆ ಹುನಗುಂದಕ್ಕೆ ಬಂದವನು ಸಾಲಿಯ ತನಕ ಬಂದು ಹೇಳಿಹೋದ. ಕಾಕು ಹೋಗಿ ಆಗಲೇ ಒಂದು ತಿಂಗಳಾಗಿತ್ತು. ನಾನು ತರಗತಿಗೆ ಹೋಗಿ ಮಕ್ಕಳಿಗೆ ಓದಿಕೊಳ್ಳಲು ಹೇಳಿ ಕುರ್ಚಿಯಲ್ಲಿ ಕೂತೆ. ಗಂಟೆ ಹೊಡೆದರೂ ಏಳಲಿಲ್ಲವೆಂದು ಆಮೇಲೆ ಯಾರೋ ಹೇಳಿದರು.

ಈಗ ನಿವೃತ್ತನಾಗಿ ಬಹಳ ವರ್ಷವಾಗಿದೆ. ನಾನು ಇಂಗ್ಲಿಷ್ ಕಲಿಸಿದ ಮಕ್ಕಳೇ ಈಗ ಅಜ್ಜಂದಿರಾಗಿದ್ದಾರೆ. ದಾರಿಯಲ್ಲಿ ಸಿಕ್ಕರೆ ಡಿಕ್ಷನರಿ ಸರ್ ಎಂದು ಗೌರವದಿಂದ ಕಾಲು ಮುಟ್ಟುತ್ತಾರೆ. ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತೇನೆ. ವಿನಯ ಎಂದುಕೊಳ್ಳುತ್ತಾರೆ. ಇದನ್ನು ಬರೆದು ಮುಗಿಸಿದ ಮೇಲೆ ಮೊದಲು ಹೆಂಡತಿಗೆ ಓದಿ ಹೇಳಬೇಕು. ಕಾಕುಗೆ ಹೇಳುವುದಂತೂ ಇನ್ನು ಆಗುವ ಮಾತಲ್ಲ. ಅದರ ದುಃಖ ಈ ವಯಸ್ಸಿನಲ್ಲಿ ಕಡಿಮೆಯಾಗಬೇಕಿತ್ತು, ಆಗಿಲ್ಲ.

ಆ ಭಾನುವಾರ ಬಾಗಿಲಲ್ಲಿ ನಿಂತಿದ್ದ ಆ ಯುವಕ ಕೆಟ್ಟವನಾಗಿರಲಿಲ್ಲ. ಹೇಳಿದ್ದರೆ ಕೇಳುತ್ತಿದ್ದ. ಅವನ ಪೆನ್ನು ತೆಗೆದುಕೊಳ್ಳದೆ, ಫಾರಮ್ಮು ಮುಟ್ಟದೆ, ನಮ್ಮ ಮಾತಿನಲ್ಲೇ ನಾನು ಅವನಿಗೆ ಹೇಳಬೇಕಾಗಿದ್ದದ್ದು ಇಷ್ಟೇ ಇತ್ತು: "ಮನ್ಯಾಗ ಸೂತಕ ಐತ್ರಿ. ಇನ್ನ ನಾಕ ದಿನಕ್ಕ ನಮ್ಮ ಕಾಕು ಮಗ್ಗಕ್ಕ ಇಳೀತಾಳ, ಆಮ್ಯಾಲ ಬರ್ರಿ."